ನಾಲ್ಕನೇ ಇಯತ್ತೆಯಲ್ಲಿ ಒಬ್ಬಳು

ಗಣಿ ನಿಂತಿತು, ಲಾರಿ ನಿಂತವು, ಜನ ಊರು ಬಿಟ್ಟರು, ಅದಕ್ಕೇ ನಮ್ಮೂರಿನ ಸರಕಾರಿ ಶಾಲೆಗೆ ಬೀಗ ಬಿತ್ತು ಎನ್ನುತ್ತಾರೆ. ಹತ್ತಿರದ ಪೇಟೆ ಕುಡಚಡೆಯಲ್ಲಿ ಯಾರನ್ನು ಕೇಳಿದರೂ ಇದೇ ಉತ್ತರ. ಚರ್ಚಾಸ್ಪರ್ಧೆಯಲ್ಲಿ ಎದುರಿನವರು ಹೀಗಂದಿದ್ದರೆ ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ: ಜನ ಹೋಗಿದ್ದರೆ, ದಿನಾ ಬೆಳಿಗ್ಗೆ ನಮ್ಮೂರಿನಿಂದ ಖಾಸಗಿ ಶಾಲೆಯ ಹಳದಿ ಬಸ್ಸು ತುಂಬಿಕೊಂಡು ಹೋಗುವುದು ಯಾರನ್ನು?

ಆ ಬಸ್ಸನ್ನು ಮೊದಲು ಹತ್ತಿದವರಲ್ಲಿ ನಾನೂ ಒಬ್ಬಳು.

ಸರಕಾರಿ ಶಾಲೆಯ ಮೂರನೇ ಇಯತ್ತೆಯಲ್ಲಿ, ಅಂದರೆ ಮೂರನೇ ತರಗತಿಯಲ್ಲಿ, ನಾವು ಇಬ್ಬರೇ ಇದ್ದೆವು. ಧಾರವಾಡ ಕಡೆಯಿಂದ ಬಂದ ಕಿರಾಣಿ ಅಂಗಡಿಯವರ ಮಗಳು ನಾನು. ವಿಜಯಪುರ ಕಡೆಯ ಲಾರಿ ಡ್ರೈವರನ ಮಗಳು ಅವಳು. ಕಲಿಸುವುದು ಮರಾಠಿಯಲ್ಲಿ, ನಾಲ್ಕೂ ಇಯತ್ತೆಗೆ ಒಬ್ಬರೇ ಟೀಚರು. ಅವರನ್ನು ನಾವು ಬಾಯಿ ಎನ್ನುತ್ತಿದ್ದೆವು. ಮೇ ರಜೆಯಲ್ಲಿ ಬಾಯಿ ಮಕ್ಕಳನ್ನು ಹುಡುಕಿಕೊಂಡು ಮನೆಮನೆಗೆ ಹೋಗುತ್ತಿದ್ದರು. ಅವರ ಕನ್ನಡ ಹರಕುಮುರುಕು. ಹಾಗಾಗಿ ಮಾತಾಡಲು ಆ ವರ್ಷ ನನ್ನನ್ನು ಕರೆದೊಯ್ದರು. ಭಾಷಣದಲ್ಲಿ ಗೆದ್ದ ಕಪ್ಪನ್ನೂ ತರಲು ಹೇಳಿದ್ದರು.

ಗೆಳತಿಯ ತಾಯಿ ಮಗಳನ್ನು ಸಾವರ್ಡೆಯ ತವರಿನಲ್ಲಿಟ್ಟು ಅಲ್ಲಿನ ದೊಡ್ಡ ಶಾಲೆಗೆ ಹಾಕುವ ಯೋಚನೆಯಲ್ಲಿದ್ದರು. ಕಪ್ಪು ನೋಡಿ, "ಇದರಾಗ ಚಹಾ ಹಾಕಿ ಕೊಡ್ಲೇನು?" ಎಂದರು. ನಾನು ನಗದೆ ಭಾಷಣ ಶುರುಮಾಡಿದೆ.

"ಭಾಷಣ ಬಿಡವ್ವಾ. ನೀ ಇಲ್ಲೇ ಇರ್ತಿಯೇನು, ಅದನ್ನ ಹೇಳು. ಇಬ್ರು ಕೂಡಿ ಇದ್ರ ಆಕೀನ ನಾ ಎಲ್ಲೂ ಕಳ್ಸಂಗಿಲ್ಲ."

"ಹೌದ್ರಿ ಖಾಲಾ, ಇಲ್ಲೇ ಇರ್ತೀನ್ರಿ," ಎಂದೆ.

ಕುಡಚಡೆಯ ಇಂಗ್ಲಿಷ್ ಶಾಲೆಯಲ್ಲಿ ಅಪ್ಪ ನನ್ನ ಹೆಸರು ಹಚ್ಚಿಸಿದ್ದು ನನಗೆ ಗೊತ್ತಿತ್ತು. ಆದರೆ ಕೈಯಲ್ಲಿ ಕಪ್ಪು ಹಿಡಿದು ಸೋತು ಬರುವುದು ಹೇಗೆ?

ಜೂನಿನಲ್ಲಿ ಬಸ್ಸಿನ ಕಿಟಕಿಯಿಂದ ಅವಳನ್ನು ನೋಡಿದೆ. ಶಾಲೆಯ ಮೆಟ್ಟಿಲ ಮೇಲೆ ಕೂತು, ಚೀಲವನ್ನು ನಾನು ಕೂರುವ ಜಾಗದಲ್ಲಿಟ್ಟಿದ್ದಳು. ಹೊಸ ಶಾಲೆಯಲ್ಲಿ ಇಂಗ್ಲಿಷ್ ಬಾರದೆ ದೀಪಾವಳಿವರೆಗೆ ನಾನು ತುಟಿ ಬಿಚ್ಚಲಿಲ್ಲ. ಡಬ್ಬಿಯನ್ನು ನಲ್ಲಿಯ ಹತ್ತಿರ ನಿಂತೇ ತಿನ್ನುತ್ತಿದ್ದೆ. ಅವಳು ಇಡೀ ವರ್ಷ ನಾಲ್ಕನೇ ಇಯತ್ತೆಯ ಸಾಲಿನಲ್ಲಿ ಒಬ್ಬಳೇ ಕೂತಳು. ಭಾಗಾಕಾರ ಅವಳ ತಲೆಗೆ ಹತ್ತಲಿಲ್ಲ. ತಪಾಸಣೆಗೆ ಬಂದ ಸಾಹೇಬರು ನಾಲ್ಕನೇ ಇಯತ್ತೆ ಗಣಿತದಲ್ಲಿ ಪೂರ್ತಿ ಹಿಂದೆ ಇದೆ ಎಂದು ಬರೆದರಂತೆ. ಲೆಕ್ಕ ತಪ್ಪಲ್ಲ, ಇಡೀ ಇಯತ್ತೆ ಎಂದರೆ ಅವಳೇ. ಆ ಮಾತು ಊರಲ್ಲಿ ಹಬ್ಬಿತು, ಮರುವರ್ಷ ಒಂದನೇ ಇಯತ್ತೆಗೆ ಯಾರೂ ಬರಲಿಲ್ಲ, ಮುಂದೆ ಶಾಲೆಯೇ ಮುಚ್ಚಿತು. ಅವಳೂ ಓದು ಬಿಟ್ಟಳು.

ಹೋದ ತಿಂಗಳು ಅಪ್ಪನ ಟ್ರಂಕಿನಲ್ಲಿ ನನ್ನ ಶಾಲೆ ಬಿಟ್ಟ ದಾಖಲೆಯ ಝೆರಾಕ್ಸ್ ಸಿಕ್ಕಿತು. ಕೆಳಗೆ ಬಾಯಿಯ ಸಹಿ, ಏಪ್ರಿಲ್ ತಿಂಗಳ ತಾರೀಖು. ನಾವು ಮನೆಮನೆಗೆ ಹೋದದ್ದು ಮೇ ತಿಂಗಳಲ್ಲಿ.

ನಿವೃತ್ತರಾದ ಬಾಯಿ ಕುಡಚಡೆಯಲ್ಲಿ ಒಬ್ಬರೇ ಇದ್ದಾರೆ. ಕೋಕಂ ಶರಬತ್ತು ಕೊಟ್ಟು, "ಇನ್ನೂ ಭಾಷಣ ಮಾಡ್ತಿ ಕಾಯ್?" ಎಂದು ಮರಾಠಿ ಬೆರೆಸಿ ಕೇಳಿ ನಕ್ಕರು. ನಾನು ಕಾಗದವನ್ನು ಲೋಟದ ಪಕ್ಕಕ್ಕಿಟ್ಟೆ. ಅವರು ಕನ್ನಡಕ ಹಾಕಿಕೊಂಡು ತಮ್ಮ ಸಹಿ ನೋಡಿದರು.

"ಬಾಯಿ, ನಾ ಇಲ್ಲೇ ಇರ್ತೀನ್ರಿ ಅಂದಾಗ ನೀವು ನನ್ನ ಬಾಜೂಕ ನಿಂತಿದ್ರಿ. ನಾ ಹೊಂಟದ್ದು ನಿಮಗ ಗೊತ್ತಿತ್ತು. ಯಾಕ ಸುಮ್ನಿದ್ರಿ?"