ನಿದ್ದೆಗೇಡಿ ದೊಡ್ಡಮ್ಮ

ದೊಡ್ಡಮ್ಮನ ಬಲಗೈ ನಡುಬೆರಳಿನ ಉಗುರು ದಪ್ಪಗೆ ಹಳದಿಗಟ್ಟಿ, ತುದಿಯಲ್ಲಿ ಸೀಳಿಕೊಂಡಿತ್ತು. ಆ ಬೆರಳನ್ನು ಹೆಬ್ಬೆರಳಿಗೆ ಒತ್ತಿ ಹಿಡಿದು, ಮಲಗಿದ ಎಳೆಗೂಸಿನ ಅಂಗಾಲಿಗೆ ಟಪ್ ಎಂದು ಸಿಡಿಸುವಳು. ಕೂಸು ಬೆಚ್ಚಿ ಚೀರುವುದು. ಆಗ ಅವಳ ಮುಖದಲ್ಲಿ ಕಾಣುತ್ತಿದ್ದ ನೆಮ್ಮದಿ ನೋಡಿದರೆ ಯಾರಿಗಾದರೂ ಮೈ ಉರಿಯಬೇಕು. ಬಾಗಲೂರಿನ ಪಕ್ಕದ ನಮ್ಮ ಹಳ್ಳಿಗೆ ನಾನು ಸೊಸೆಯಾಗಿ ಬಂದಾಗ ಅವಳು ನೆರೆಮನೆಯವಳು. ನೆಂಟಸ್ತಿಕೆ ಏನೂ ಇಲ್ಲ. ಎದುರಿಗೆ ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು, ಹಿಂದಿನಿಂದ ನಿದ್ದೆಗೇಡಿ ಅನ್ನುತ್ತಿದ್ದರು.

ನಮ್ಮ ಕಡೆ ಮಲಗಿದ ಮಗುವನ್ನು ನಿಂತು ನೋಡಬಾರದು, ಎಬ್ಬಿಸಲೂ ಬಾರದು. ದೃಷ್ಟಿಯಾಗುತ್ತದೆ, ಆಯುಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ. ಬಾಣಂತಿಯರಿರುವ ಮನೆಗೆ ಅವಳು ಬರುವುದು ಕಂಡರೆ ನಮ್ಮತ್ತೆ ಒಳಗಿನಿಂದಲೇ ಕೂಗುತ್ತಿದ್ದರು: “ಆ ನಿದ್ದೆಗೇಡಿ ಬತ್ತಾವ್ಳೆ, ಬಾಗ್ಲು ಹಾಕ್ಕಳೇ.” ಅವಳು ಕೇಳಿಸಿಕೊಂಡೂ ಬಾಗಿಲು ತಟ್ಟುತ್ತಿದ್ದಳು. “ಎಬ್ಬಿಸಿ ನೋಡ್ದೆ ‘ಮಲ್ಗೈತೆ’ ಅನ್ಬೇಡ್ರೀ” ಎನ್ನುವುದು ಅವಳ ಮಾತು. ಮಗು ಅತ್ತ ಮೇಲೆ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಕೇಳುವಳು. ಇಷ್ಟು ಬೈಸಿಕೊಂಡೂ ಎಲೆ ಅಡಿಕೆ ಕೇಳುವ ಧೈರ್ಯ ನಮ್ಮೂರಲ್ಲಿ ಇನ್ನೊಬ್ಬರಿಗೆ ಇರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಮಾವಿನ ಕಾಲ ಬಂತೆಂದರೆ ಕೃಷ್ಣಗಿರಿ ಕಡೆಯ ತೋಪುಗಳಿಂದ ಲಾರಿ ಬಂದು ನಮ್ಮಂಥ ಹೆಂಗಸರನ್ನು ಹೇರಿಕೊಂಡು ಹೋಗುತ್ತಿತ್ತು. ಕಾಲ ಮುಗಿಯುವವರೆಗೆ ಅಲ್ಲೇ ತಗಡಿನ ಶೆಡ್ಡಿನಲ್ಲಿ ವಾಸ. ಹಣ್ಣು ಆರಿಸಿ, ಹುಲ್ಲು ಹಾಸಿ, ಬುಟ್ಟಿಗೆ ತುಂಬುವ ಕೆಲಸ. ಆ ವರ್ಷ ನಾನು ನಾಲ್ಕು ತಿಂಗಳ ಮಗಳನ್ನು ಕಟ್ಟಿಕೊಂಡು ಹೋದೆ. ದೊಡ್ಡಮ್ಮನೂ ಬಂದಿದ್ದಳು. ಮಕ್ಕಳನ್ನೆಲ್ಲ ಮರದ ಕೊಂಬೆಗಳಿಗೆ ಕಟ್ಟಿದ ಸೀರೆಯ ಜೋಲಿಗಳಲ್ಲಿ ಮಲಗಿಸಿ ಹೋಗಬೇಕು. ನೋಡಿಕೊಳ್ಳಲು ತೋಪಿನ ಮೇಸ್ತ್ರಿ ಒಬ್ಬ ಮುದುಕಿಯನ್ನು ಇಟ್ಟಿದ್ದ. ಮೊದಲೆರಡು ದಿನ ಮಕ್ಕಳ ಅಳು, ಹಾಲು ಕೊಡಲು ನಮ್ಮ ಓಡಾಟ, ಮೇಸ್ತ್ರಿಯ ಬೈಗುಳ. ಮೂರನೆಯ ದಿನ ತೋಪು ತಣ್ಣಗಾಯಿತು. ನಮ್ಮ ಪುಣ್ಯ, ಮುದುಕಿಯ ಕೈಗುಣ ಒಳ್ಳೆಯದು ಎಂದು ನಾವೆಲ್ಲ ಮಾತಾಡಿಕೊಂಡೆವು.

ಅಂದೇ ಮಧ್ಯಾಹ್ನದ ಹೊತ್ತು ನನ್ನ ಪಕ್ಕದಲ್ಲಿ ಹಣ್ಣು ಆರಿಸುತ್ತಿದ್ದ ದೊಡ್ಡಮ್ಮ ಕೈ ನಿಲ್ಲಿಸಿ ತಲೆ ಎತ್ತಿದಳು.

“ಇದೇನೇ ಇದು, ಒಂದು ಕೂಸೂ ಅಳ್ತಿಲ್ವಲ್ಲ.”

“ಮಲ್ಗವೆ ಬಿಡು ದೊಡ್ಡಮ್ಮ.”

“ಎಲ್ಲಾ ಒಂದೇ ಕಿತ ಮಲ್ಗವಾ?”

ಹಣ್ಣುಗಳನ್ನು ಮಡಿಲಿನಿಂದ ನೆಲಕ್ಕೆ ಸುರಿದು ಓಡಿದಳು. ನಾವು ಬೈಯುತ್ತಲೇ ಹಿಂದೆ ಹೋದೆವು. ಒಂದೊಂದೇ ಜೋಲಿ ಬಿಡಿಸಿ ಅಂಗಾಲಿಗೆ ಸಿಡಿಸುತ್ತಾ ಹೋದಳು. ಒಂದು ಕೂಸು ಮುಲುಗಿತು, ಇನ್ನೊಂದು ಕಣ್ಣು ಅರೆ ಬಿಟ್ಟಿತು. ನನ್ನ ಮಗಳು ಅಲ್ಲಾಡಲಿಲ್ಲ. ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಿತ್ತು. ಒಂದು ಉಸಿರು ಬಂದರೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯಬೇಕಾಗಿತ್ತು. ಮುದುಕಿ ಹೆದರಿ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಮೇಣದಂಥ ಕರಿ ಉಂಡೆ. ಅಫೀಮು. ಮಕ್ಕಳು ಅಳದಿರಲಿ ಎಂದು ಮೇಸ್ತ್ರಿಯೇ ತಂದು ಕೊಟ್ಟಿದ್ದನಂತೆ.

ದೊಡ್ಡಮ್ಮ ಮಗಳ ಎದೆಯನ್ನು ಬೆರಳ ಗೆಣ್ಣಿನಿಂದ ಉಜ್ಜಿದಳು. ಆಗಲೂ ಅಳಲಿಲ್ಲ. ಆಗ ಮೂಗು ಬಾಯಿ ಎರಡನ್ನೂ ತನ್ನ ಬಾಯಲ್ಲಿ ಮುಚ್ಚಿ ಮೆಲ್ಲಗೆ ಊದಿದಳು. ಹುಟ್ಟಿದ ಕೂಸು ಅಳದಿದ್ದರೆ ನಮ್ಮೂರ ಸೂಲಗಿತ್ತಿ ಹಾಗೇ ಊದುತ್ತಿದ್ದಳು. ಎದೆ ಏರಿತು, ಇಳಿಯಿತು. ನಾನು ನೆಲಕ್ಕೆ ಬಿದ್ದು ಅಳುತ್ತಿದ್ದೆ. “ನೀ ಆಮೇಲ್ ಅಳು. ಎದ್ದು ಗಾಡಿ ಕೇಳೋಗು” ಎಂದಳು.

ಮೇಸ್ತ್ರಿ ಏನೆಂದ ಗೊತ್ತೆ? “ಮಗು ಚೆನ್ನಾಗಿ ತೂಂಗ್ತಾ ಐತಮ್ಮ. ತೂಂಗಿ ಎದ್ರೆ ಸರಿಹೋಗುತ್ತೆ. ಲೋಡು ಹೋಗ್ಬೇಕು.” ತಮಿಳಿನ ತೂಂಗು ಅಂದರೂ ನಿದ್ದೆಯೇ. ಯಾವ ಭಾಷೆಯಲ್ಲಿ ಹೇಳಿದರೂ ಅವನು ನನ್ನ ಮಗಳನ್ನು ಸಾಯಲು ಬಿಡು ಎನ್ನುತ್ತಿದ್ದ. ಇಷ್ಟು ವರ್ಷವಾಯಿತು, ಆ ಮಾತು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಮಾವಿನ ಹಣ್ಣು ಕೊಳೆತೀತು ಎಂಬ ಚಿಂತೆ ಇತ್ತು ಅವನಿಗೆ.

ದೊಡ್ಡಮ್ಮ ಮಗುವನ್ನು ಎತ್ತಿಕೊಂಡು ಹೋಗಿ ಹೊರಟಿದ್ದ ಲಾರಿಯ ಮುಂದೆ ಕೂತುಬಿಟ್ಟಳು. ಊದುವುದು ನಿಲ್ಲಿಸಲಿಲ್ಲ. ಎರಡು ಉಸಿರಿನ ನಡುವೆ ಡ್ರೈವರನಿಗೆ, “ಕರ್ಕೊಂಡೋಯ್ತೀಯೋ, ಮೇಲೆ ಹತ್ತಿಸ್ತೀಯೋ, ನೀನೇ ನೋಡ್ಲಾ” ಎಂದಳು. ಅವನೂ ಮಕ್ಕಳೊಂದಿಗ. ಮೇಸ್ತ್ರಿಯ ಕೂಗಾಟ ಲೆಕ್ಕಿಸದೆ ಬಾಗಿಲು ತೆಗೆದು ನಮ್ಮನ್ನು ಹತ್ತಿಸಿಕೊಂಡ. ಮಂಪರಿನಲ್ಲಿದ್ದ ಉಳಿದ ಮಕ್ಕಳೂ ತಾಯಂದಿರೂ ಹಿಂದೆ ಬುಟ್ಟಿಗಳ ನಡುವೆ ಕೂತರು. ಆಸ್ಪತ್ರೆ ಬರುವವರೆಗೆ ದೊಡ್ಡಮ್ಮ ನನ್ನ ಮಗಳ ಪಾಲಿನ ಉಸಿರನ್ನೂ ತಾನೇ ಉಸಿರಾಡಿದಳು.

ಡಾಕ್ಟರು ಆಕ್ಸಿಜನ್ ಹಾಕಿ, ಸೂಜಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಮಗಳು ಅತ್ತಳು. “ಈಗ ಎಚ್ಚರಾಗಿದೆ ಅಂತ ಕರ್ಕೊಂಡು ಹೋಗ್ಬೇಡಿ. ಸೂಜಿಯ ಬಲ ಇಳಿದ್ರೆ ಅಫೀಮಿನ ವಿಷ ಮತ್ತೆ ಎಳೆಯುತ್ತೆ, ಉಸಿರು ನೋಡ್ತಾ ಇರ್ಬೇಕು” ಎಂದರು. ಹಾಗೇ ಆಯಿತು, ಸಂಜೆ ಮತ್ತೆ ಮಂಪರು, ಮತ್ತೆ ಸೂಜಿ. ಉಳಿದ ಮಕ್ಕಳು ಅಷ್ಟರಲ್ಲಿ ಚೇತರಿಸಿಕೊಂಡಿದ್ದವು. ದೊಡ್ಡಮ್ಮ ಮಂಚದ ಕಾಲ ಬಳಿ ಕೂತು ಆ ಪುಟ್ಟ ಎದೆಯಿಂದ ಕಣ್ಣು ತೆಗೆಯಲಿಲ್ಲ.

ಆವತ್ತು ಮೊದಲ ಸಲ ತನ್ನ ಮಗನ ವಿಷಯ ಹೇಳಿದಳು. “ರಾಗಿ ಕಳೆ ಕೀಳಕ್ಕೆ ಓಗ್ಬೇಕಿತ್ತು. ನಮ್ಮತ್ತೆ ಹಾಲಲ್ಲಿ ಒಂಚೂರು ಇದ್ನೇ ಹಾಕುದ್ರು. ಸಂಜೇಲಿ ಬಂದೆ, ಮಲ್ಗವ್ನೆ ಎಬ್ಬಿಸ್ಬ್ಯಾಡ ಅಂದ್ರು. ನಾನೂ ಒಳ್ಳೆ ಸೊಸೆ ನೋಡು, ಎಬ್ಬಿಸ್ನಿಲ್ಲ.” ಇಷ್ಟೇ ಹೇಳಿ ಸೆರಗಿನಿಂದ ಮಗಳ ಬಾಯಿ ಒರೆಸಿದಳು. ಇದನ್ನು ನಮ್ಮೂರಿನ ಹಳಬರೆಲ್ಲ ಬಲ್ಲರು. ಬಲ್ಲವರೇ ಅವಳಿಗೆ ನಿದ್ದೆಗೇಡಿ ಎಂದು ಹೆಸರಿಟ್ಟಿದ್ದರು. ಮೇಸ್ತ್ರಿಯ ಮೇಲಿದ್ದಷ್ಟೇ ಸಿಟ್ಟು ನನಗೆ ಅವರ ಮೇಲೂ ಇದೆ.

ಮೇಸ್ತ್ರಿಗೆ ಏನೂ ಆಗಲಿಲ್ಲ. ತೋಪಿನ ಯಜಮಾನ, “ಇದು ಅವರ ಹಳ್ಳಿಗಳ ಪದ್ಧತಿ, ತಾಯಂದಿರೇ ಕೊಟ್ಟಿರ್ತಾರೆ” ಎಂದು ಕೈ ತೊಳೆದುಕೊಂಡ. ಅವನ ಮನೆಯ ಮಗು ಅತ್ತರೆ ಇಡೀ ಮನೆ ಎದ್ದು ಓಡಾಡುತ್ತಿತ್ತು. ನಮ್ಮ ಮಕ್ಕಳು ಅತ್ತರೆ ಕೆಲಸ ಕೆಡುತ್ತಿತ್ತು, ಅಷ್ಟೇ ವ್ಯತ್ಯಾಸ. ಮರುವರ್ಷ ಅದೇ ಲಾರಿ ಬಂತು. ದೊಡ್ಡಮ್ಮ ಅದರ ಮೆಟ್ಟಿಲಿಗೆ ಅಡ್ಡ ನಿಂತು, ಜೋಲಿಗಳ ಹತ್ತಿರ ತಾನೇ ಕೂರುವುದಾದರೆ ಮಾತ್ರ ಹೆಂಗಸರು ಹತ್ತುತ್ತಾರೆ ಎಂದಳು. ನಾವೂ ಯಾರೂ ಹತ್ತದೆ ನಿಂತೆವು. ಮೇಸ್ತ್ರಿ ಗೊಣಗುತ್ತಾ ಒಪ್ಪಿದ. ಅಲ್ಲಿಂದ ಮುಂದೆ ಆ ತೋಪಿನಲ್ಲಿ ಮಕ್ಕಳ ಅಳು ನಿಲ್ಲಲಿಲ್ಲ. “ಈ ಗಲಾಟೇಲಿ ಕಣ್ಣು ಹೆಂಗ್ ಮುಚ್ತೀಯ ದೊಡ್ಡಮ್ಮ” ಎಂದು ನಾವು ಕೀಟಲೆ ಮಾಡಿದರೆ, “ಈ ಗಲಾಟೆ ಕೇಳುದ್ರೇನೇ ನಂಗೆ ನಿದ್ದೆ ಬರಾದು” ಎನ್ನುತ್ತಿದ್ದಳು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ದೊಡ್ಡಮ್ಮ ಹೋದಳು. ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ನೋಡಲು ಬಂದ ಹೆಂಗಸೊಬ್ಬಳು, “ಸುಮ್ಕೆ ಮಲ್ಗಿರಂಗೆ ಅವ್ಳೆ ನೋಡಿ” ಎಂದಳು. ನನಗೆ ತಡೆಯಲಾಗಲಿಲ್ಲ. “ಆ ಮಾತು ಇವಳ ಮುಂದೆ ಆಡ್ಬೇಡ” ಎಂದು ಗದರಿದೆ.

ಆಗ ಸ್ಕೂಲಿನ ದಾವಣಿಯಲ್ಲೇ ಬಂದಿದ್ದ ನನ್ನ ಮಗಳು ದೊಡ್ಡಮ್ಮನ ಕಾಲ ಬಳಿ ಕೂತಳು. ನಡುಬೆರಳನ್ನು ಹೆಬ್ಬೆರಳಿಗೆ ಒತ್ತಿ, ಆ ಒಡೆದ ಅಂಗಾಲಿಗೆ ಒಂದು ಸಲ ಸಿಡಿಸಿದಳು. ಯಾರೂ ಬೈಯಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದು ನನ್ನತ್ತ ತಿರುಗಿ, “ಏಳ್ಲಿಲ್ಲ ಕಣಮ್ಮ” ಎಂದಳು. ಆಮೇಲೆ, ಇಡೀ ಕೇರಿಗೆ ಕೇಳುವ ಹಾಗೆ ಅತ್ತಳು.