ಪೂರ್ವದ ಮೆಟ್ಟಿಲಿನವರ ಕವಾಯತು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಮದುವೆಯಾದ ಹೊಸದರಲ್ಲೇ ಹೇಳಿದ್ದರು. ಹಾಗೆ ಹೇಳಿದ್ದಕ್ಕೂ ನನಗೆ ಸಿಟ್ಟು ಬಂದಿತ್ತು. ಅವರು ಫೌಜಿನಲ್ಲಿದ್ದು ಸುಬೇದಾರರಾಗಿ ನಿವೃತ್ತರಾದವರು, ಈಗ ಮಾದಾಪುರದ ಒಂದು ಕಂಪನಿಯಲ್ಲಿ ಸೆಕ್ಯುರಿಟಿಯ ಮೇಲ್ವಿಚಾರಣೆ ನೋಡಿಕೊಳ್ಳುತ್ತಾರೆ. ನಾನು ಸಿಕಂದರಾಬಾದಿನಲ್ಲಿ ರೈಲ್ವೆ ರಿಸರ್ವೇಶನ್ ಕೌಂಟರಿನ ಗಾಜಿನ ಹಿಂದೆ ಕೂರುವವಳು. ದಿನವಿಡೀ ತೆಲುಗು, ಹಿಂದಿಯಲ್ಲಿ ಜನರೊಂದಿಗೆ ಏಗಿ, ಸಂಜೆ ಮಲ್ಕಾಜ್‌ಗಿರಿಯ ಮನೆಗೆ ಬಂದು ನಮ್ಮ ವಿಜಯಪುರದ ಕನ್ನಡದಲ್ಲಿ ನಾಲ್ಕು ಮಾತು ಬೈದರೇ ನನಗೆ ಸಮಾಧಾನ. ಬೈಸಿಕೊಳ್ಳಲು ಇವರಿದ್ದಾರೆ. ತುಟಿ ಪಿಟಕ್ಕೆನ್ನುವುದಿಲ್ಲ.

ಫುಟ್‌ಬಾಲಿನ ಹುಚ್ಚು ಅವರಿಗಿಂತ ನನಗೇ ಹೆಚ್ಚು. ಅದು ಅಂಟಿಕೊಂಡದ್ದು ಕಂಟೋನ್ಮೆಂಟಿನ ಕ್ವಾರ್ಟರ್ಸಿನಲ್ಲಿ. ಇವರು ಗಡಿಯ ಕಡೆ ಇರುತ್ತಿದ್ದಾಗ ನಾನು ಅಲ್ಲಿ ಮಗಳೊಂದಿಗೆ ಇದ್ದೆ. ಅಡುಗೆಮನೆಯ ಕಿಟಕಿಯಾಚೆಯೇ ಮೈದಾನ. ಸಂಜೆ ಜವಾನರು ಆಡುತ್ತಿದ್ದರು, ನಾನು ರೊಟ್ಟಿ ಬಡಿಯುತ್ತಾ ನೋಡುತ್ತಿದ್ದೆ. ಆಫ್‌ಸೈಡ್ ಎಂದರೇನು ಎಂಬುದು ಯಾರೂ ಹೇಳಿಕೊಡದೆ ತಾನಾಗಿ ತಿಳಿಯಿತು. ಆಟ ಜೋರಾದ ದಿನ ರೊಟ್ಟಿ ಸೀಯುತ್ತಿತ್ತು, ಮಗಳು ಮುಖ ಸಿಂಡರಿಸಿಕೊಂಡು ತಿನ್ನುತ್ತಿದ್ದಳು.

ಹೀಗಾಗಿ ನಮ್ಮ ಭಾಗದಲ್ಲೊಂದು ಕ್ಲಬ್ಬು ಹುಟ್ಟಿದಾಗ ಮೊದಲ ಪಂದ್ಯದಿಂದಲೇ ನಾನು ಹೋಗಿ ಕೂತೆ. ದೊಡ್ಡ ಕ್ಲಬ್ಬೇನಲ್ಲ, ಕೆಳಗಿನ ದರ್ಜೆಯ ಲೀಗಿನದು. ಮೈದಾನದ ಪಶ್ಚಿಮಕ್ಕೆ ಕ್ಲಬ್ಬಿನ ಯಜಮಾನರು, ಗಣ್ಯರು ಕೂರುವ ಪೆವಿಲಿಯನ್ನು. ಅದರಡಿಯಲ್ಲೇ ಆಟಗಾರರು ಬಂದು ಹೋಗುವ ಗೇಟು. ಪೂರ್ವಕ್ಕೆ ಬರೀ ಸಿಮೆಂಟಿನ ಮೆಟ್ಟಿಲು. ಅಲ್ಲಿ ನಾವು. ಮಧ್ಯಾಹ್ನದ ಬಿಸಿಲಿಗೆ ಕಾದ ಆ ಮೆಟ್ಟಿಲ ಮೇಲೆ ಪೇಪರು ಹಾಸಿಕೊಂಡು ಕೂರುವ ನಮ್ಮನ್ನು ಎಲ್ಲರೂ ಪೂರ್ವದ ಮೆಟ್ಟಿಲಿನವರು ಅನ್ನುತ್ತಿದ್ದರು. ಬೀದರಿನ ಒಬ್ಬ ಇಂಜಿನಿಯರ್ ಹುಡುಗ ನಮ್ಮೆಲ್ಲರ ಫೋನಿನ ಗುಂಪು ನಡೆಸುತ್ತಿದ್ದ. ಡೋಲು ಬಾರಿಸಲು ಒಬ್ಬ ಟೇಲರ್ ಚಾಚಾ ಇದ್ದರು. ಬಾಯಿ ಮಾಡಲು ನಾನಿದ್ದೆ.

ಆಟಗಾರರಿಗೆ ಪಗಾರ ಆಗುತ್ತಿಲ್ಲ ಎಂಬ ಸುದ್ದಿ ಮೊದಲು ಗಾಳಿಯಲ್ಲೇ ಬಂತು. ನಮ್ಮ ಮೆಟ್ಟಿಲ ಮೇಲೆ ಅದಕ್ಕೆ ಹತ್ತು ಬಾಯಿ, ಹತ್ತು ಮಾತು. ಕ್ಲಬ್ಬು ಅಂದರೂ ವ್ಯಾಪಾರವೇ, ಟಿಕೆಟ್ಟಿನಿಂದ ಏನು ಬರುತ್ತದೆ ಪಾಪ ಎಂದು ಒಬ್ಬರು. ಅಪಾರ್ಟ್‌ಮೆಂಟು ಕಟ್ಟಿ ಮಾರುವವರಿಗೆ ಆಟದ ಉಸಾಬರಿ ಯಾಕೆ ಬೇಕಿತ್ತು ಎಂದು ಇನ್ನೊಬ್ಬರು. ನಾವು ಆಟ ನೋಡಲು ಬರುವವರು, ಅವರ ಲೆಕ್ಕ ಅವರಿಗೆ ಎಂದು ಸುಮ್ಮನಿರುವವರೂ ಇದ್ದರು. ನಾನೂ ಆಗ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ಆಮೇಲೊಂದು ದಿನ ನಮ್ಮ ಗೋಲ್‌ಕೀಪರ್ ನನ್ನ ಕೌಂಟರಿನ ಸಾಲಿನಲ್ಲೇ ಬಂದು ನಿಂತ. ಕೇರಳದ ಹುಡುಗ. ಊರಿಗೆ ಹೋಗುವ ಟಿಕೆಟ್ ರದ್ದು ಮಾಡಿಸಬೇಕಿತ್ತು. ಯಾಕಪ್ಪಾ ಎಂದು ಹಿಂದಿಯಲ್ಲಿ ಕೇಳಿದೆ. ತಂಗಿಯ ಮದುವೆ ಇದೆ, ಬರಿಗೈಯಲ್ಲಿ ಹೇಗೆ ಹೋಗಲಿ ಮೇಡಂ, ಎಂದ. ನಾನು ಅವನ ಆಟ ನೋಡುವವಳು ಎಂದು ಅವನಿಗೆ ಗೊತ್ತಿರಲಿಲ್ಲ. ವಾಪಸು ಬಂದ ಹಣವನ್ನು ಜೇಬಿಗಿಟ್ಟುಕೊಂಡು ಥ್ಯಾಂಕ್ಸ್ ಹೇಳಿ ಹೋದ. ಸಾಲಿನಲ್ಲಿ ಅವನ ಹಿಂದಿದ್ದ ಮನುಷ್ಯನ ಮೇಲೆ ನಾನು ಸುಮ್ಮಸುಮ್ಮನೆ ರೇಗಿದೆ.

ಮನೆಗೆ ಬಂದು ಇವರಿಗೆ ಹೇಳಿದೆ. ಸಂಜೆ ಪೇಪರು ಓದುತ್ತಿದ್ದವರು ಅದನ್ನು ಮಡಚಿಟ್ಟರು.

"ನಮ್ಮ ಪಲ್ಟನ್ನಿನ್ಯಾಗ ಬಡಾ ಖಾನಾ ಅಂತ ಇರತಿತ್ತು ನೋಡು. ಜವಾನರೆಲ್ಲ ಕುಂದರತಾರ, ಸಾಹೇಬರು ನಿಂತು ಬಡಸ್ತಾರ. ಜವಾನರದು ಮುಗಿದ ಮ್ಯಾಲೆನ ಸಾಹೇಬರ ಊಟ," ಎಂದರು. "ಇಲ್ಲಿ ಉಲ್ಟಾ ಆಗೇತಿ," ಎಂದು ಮತ್ತೆ ಪೇಪರು ಬಿಚ್ಚಿದರು.

ಮುಂದಿನ ಪಂದ್ಯದ ದಿನ ಮೆಟ್ಟಿಲ ಮೇಲೆ ನಾನೇ ಮಾತು ತೆಗೆದೆ. ಕೂಗಾಡುವುದು ಬೇಡ, ಕಲ್ಲು ತೂರುವುದಂತೂ ಬೇಡವೇ ಬೇಡ. ಲೀಗಿನ ಕೊನೆಯ ಪಂದ್ಯದಂದು, ಆಟಕ್ಕೆ ಮುಂಚೆ, ಯಜಮಾನರು ಕಾಣುವ ಹಾಗೆ ಎಲ್ಲರೂ ಎದ್ದು ಪೆವಿಲಿಯನ್ನಿಗೆ ಬೆನ್ನು ಮಾಡಿ ನಿಲ್ಲುವುದು. ಡೋಲಿಲ್ಲ, ಸೀಟಿ ಇಲ್ಲ, ಚಪ್ಪಾಳೆ ಇಲ್ಲ. ರೆಫರಿ ಸೀಟಿ ಊದಿದ ಮೇಲೆ ತಿರುಗಿ ಕೂರುವುದು. ಎಲ್ಲರೂ ಒಪ್ಪಿದರು. ಆವತ್ತೇ ಒಮ್ಮೆ ಮಾಡಿ ನೋಡಿದೆವು. ಅದೇನು ಚಂದ ಅಂತೀರಿ. ಕೆಲವರು ಎಡಕ್ಕೆ, ಕೆಲವರು ಬಲಕ್ಕೆ, ಒಬ್ಬರ ಮೂಗಿಗೆ ಇನ್ನೊಬ್ಬರ ಮೊಣಕೈ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಆಚೆ ಕಡೆ ಬಂತಂತೆ ಎಂದಾಗ ಜನ ತಿರುಗಿದಂತೆ ಆಯಿತು. ಆವತ್ತು ನನ್ನೊಂದಿಗೆ ಬಂದಿದ್ದ ಇವರು ಕಣ್ಣು ಮುಚ್ಚಿಕೊಂಡರು.

"ತಿರುಗೋದಿದ್ದರ ಸರಿಯಾಗಿ ತಿರುಗ್ರಿ. ಹಿಂಗ ತಿರುಗಿದ್ರ ಅವರು ನಗತಾರ," ಎಂದರು.

"ನೀವ ಕಲಸ್ರಿ ಹಂಗಾದ್ರ," ಎಂದೆ ನಾನು.

ಅಷ್ಟು ಹೇಳಿದ್ದೇ ತಡ. ಮರುದಿನದಿಂದ ಮಲ್ಕಾಜ್‌ಗಿರಿ ಸ್ಟೇಷನ್ನಿನ ಹತ್ತಿರದ ಖಾಲಿ ಜಾಗದಲ್ಲಿ ಸಂಜೆ ಸಂಜೆ ಕವಾಯತು ಶುರುವಾಯಿತು. ಬಲ ಹಿಮ್ಮಡಿಯ ಮೇಲೆ ಬಲಕ್ಕೇ ತಿರುಗಬೇಕು, ಎಡಗಾಲನ್ನು ತಂದು ಜೋಡಿಸಬೇಕು. ಇವರು "ಪೀಛೇ..." ಎಂದು ಎಳೆದು, ಒಂದು ಗಳಿಗೆ ನಿಲ್ಲಿಸಿ, "ಮುಡ್" ಎನ್ನುತ್ತಿದ್ದರು, ಹಿಂದಕ್ಕೆ ತಿರುಗಿ ಎಂಬ ಫೌಜಿನ ಹುಕುಂ. ಮನೆಯಲ್ಲಿ ಉಪ್ಪು ಬೇಕೆಂದರೂ ಮೆಲ್ಲಗೆ ಕೇಳುವ ಈ ಮನುಷ್ಯನ ಎದೆಯಲ್ಲಿ ಅಂಥ ದನಿ ಇದೆಯೆಂದು ಇಷ್ಟು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಪಕ್ಕದ ರಸ್ತೆಯ ತರಕಾರಿಯವನೂ ತಿರುಗಿಬಿಡುತ್ತಿದ್ದ. ಟೇಲರ್ ಚಾಚಾ ಮೊದಮೊದಲು ನಕ್ಕೋ ನಕ್ಕೋ, ಬೇಡಪ್ಪಾ ಬೇಡ, ನನ್ನ ಮೊಣಕಾಲು ಕೇಳುವುದಿಲ್ಲ ಎಂದು ಗೊಣಗಿದರು. ಆಮೇಲೆ ಎಲ್ಲರಿಗಿಂತ ಅವರೇ ಚೆನ್ನಾಗಿ ತಿರುಗಿದರು. ಬರಬರುತ್ತಾ ಹೇಗಾಯಿತೆಂದರೆ, ಆ ದನಿ ಕಿವಿಗೆ ಬಿದ್ದರೆ ಸಾಕು, ಕಾಲು ತಾನೇ ತಿರುಗುತ್ತಿತ್ತು.

ಪಂದ್ಯ ಹತ್ತಿರವಾದಾಗ ಕ್ಲಬ್ಬಿನಿಂದ ಹೊಸ ಸುದ್ದಿ ಬಂತು. ಕೊನೆಯ ಪಂದ್ಯದಂದು, ಆಟ ಶುರುವಾಗುವ ಮುಂಚೆ, ಮೈದಾನದ ನಡುವೆ ಮಾಜಿ ಸೈನಿಕರಿಗೆ ಸನ್ಮಾನ. ಸರಿಯಾಗಿ ನಾವು ಬೆನ್ನು ತಿರುಗಿಸುವ ಹೊತ್ತಿಗೇ. ಸುದ್ದಿ ಬಂದ ಸಂಜೆಯೇ ಮಾಜಿ ಸೈನಿಕರ ಸಂಘದಿಂದ ಇವರಿಗೆ ಫೋನು. ಸನ್ಮಾನಿತರಲ್ಲಿ ಇವರೂ ಒಬ್ಬರು.

ಇಲ್ಲಿ ಒಂದು ವಿಷಯ ಹೇಳಬೇಕು. ಇವರು ನಿವೃತ್ತರಾದದ್ದು ಲಾಕ್‌ಡೌನಿನ ಸಮಯದಲ್ಲಿ. ಫೌಜಿನಲ್ಲಿ ಬೀಳ್ಕೊಡುಗೆ ಅಂದರೆ ಹಾರ, ಬ್ಯಾಂಡು, ಬಡಾ ಖಾನಾ ಎಲ್ಲ ಇರುತ್ತದೆ. ಜೀಪಿನಲ್ಲಿ ಕೂರಿಸಿ ಹಗ್ಗ ಕಟ್ಟಿ ಎಳೆಯುವುದೂ ಉಂಟು. ಇವರಿಗೆ ಅದೊಂದೂ ಆಗಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕಪ್ಪು ಟ್ರಂಕು ಹಿಡಿದುಕೊಂಡು ಮನೆಯ ಬಾಗಿಲಿಗೆ ಬಂದು ನಿಂತರು. ಅಕ್ಕಪಕ್ಕದವರು ಸೋಂಕಿನ ಭಯಕ್ಕೆ ಬಾಗಿಲು ಹಾಕಿಕೊಂಡರು. ಇವರು ಕೈಕಾಲು ತೊಳೆದು ಒಳಗೆ ಬಂದರು. ನಾನು ಬಚ್ಚಲಿಗೆ ಹೋಗಿ ಅತ್ತೆ. ಇಷ್ಟು ವರ್ಷ ದುಡಿದ ಮನುಷ್ಯನಿಗೆ ಒಂದು ಚಪ್ಪಾಳೆಯೂ ಇಲ್ಲವೇ ಎಂಬ ಸಂಕಟ ನನ್ನಲ್ಲಿ ಹಾಗೇ ಉಳಿದುಬಿಟ್ಟಿತ್ತು.

ಈಗ ಆ ಚಪ್ಪಾಳೆ ಬರುವ ಹೊತ್ತಿಗೆ ನಾನು ಬೆನ್ನು ತಿರುಗಿಸಿ ನಿಲ್ಲಬೇಕು. ಅದೂ ನಾನೇ ಎಬ್ಬಿಸಿದ ಜನರ ಜೊತೆ, ನಾನೇ ಹೇಳಿದ ಮಾತಿಗೆ.

ಆ ಸಂಜೆ ಖಾಲಿ ಜಾಗದಲ್ಲಿ ಕವಾಯತು ನಡೆಯಲಿಲ್ಲ, ಜಗಳ ನಡೆಯಿತು. ಇವರು ಶಿಫ್ಟು ಮುಗಿಸಿ ಇನ್ನೂ ಬಂದಿರಲಿಲ್ಲ.

"ಬೇಕಂತನ ಮಾಡ್ಯಾರ ಅಕ್ಕಾರ," ಎಂದ ಇಂಜಿನಿಯರ್. "ಫೌಜಿಗಳನ್ನ ಅಡ್ಡ ನಿಲ್ಲಿಸಿ ತಾವು ಹಿಂದ ಅಡಗಾಕತ್ತಾರ. ನಾವು ತಿರುಗಿದ್ರ ಫೌಜಿಗೆ ಅವಮಾನ ಮಾಡಿದ್ರು ಅಂತ ನಾಳೆ ಊರೆಲ್ಲ ಹೇಳತಾರ."

ತಿರುಗಲೇಬಾರದು, ಸೈನಿಕರಿಗೆ ಬೆನ್ನು ತೋರಿಸುವುದು ಪಾಪ ಎಂದರು ಚಾಚಾ. ಅವರ ತಮ್ಮನೂ ಫೌಜಿನಲ್ಲಿದ್ದವನು. ಹಾಗಾದರೆ ಆಟಗಾರರ ಗತಿ ಏನು ಎಂದು ಮತ್ತೊಬ್ಬರು. ಎಲ್ಲರೂ ನನ್ನ ಮುಖ ನೋಡಿದರು. ನನಗೆ ಮೈ ಪರಚಿಕೊಳ್ಳುವಂತಾಯಿತು.

ಅಷ್ಟರಲ್ಲಿ ಇವರು ಬಂದರು, ಟಿಫಿನ್ ಡಬ್ಬಿ ಕೈಯಲ್ಲೇ ಇತ್ತು. ಇಂಜಿನಿಯರ್ ಎಲ್ಲ ಹೇಳಿದ. ಪೂರ್ತಿ ಕೇಳಿದರು.

"ಸನ್ಮಾನ ನನ್ನದು. ಪಗಾರ ಆ ಹುಡುಗರದು," ಎಂದರು. "ನೀವು ತಿರುಗ್ರಿ. ನನಗೇನೂ ಬ್ಯಾಸರ ಇಲ್ಲ."

"ನೀವು ಹೋಗಬ್ಯಾಡ್ರಿ ಹಂಗಾದ್ರ, ಸುಬೇದಾರ್ರ," ಎಂದ ಅವನು.

"ಯಾಕ ಹೋಗಬಾರದು? ಕರದಾರ. ನಾ ಮಾಡಿದ ನೌಕರಿಗೆ ಕೊಡೋ ಮರ್ಯಾದಿ ಅದು, ಅವರ ಮನಿ ದಾನ ಅಲ್ಲ. ಹೋಗತೀನಿ."

ಸುಬೇದಾರರೇ ಹೇಳಿದ ಮೇಲೆ ಚಾಚಾನೂ ಒಪ್ಪಿದರು. ಮನೆಗೆ ನಡೆದು ಬರುವಾಗ ನಾನು ಕೇಳಿದೆ, "ಖರೇನ ಬ್ಯಾಸರ ಇಲ್ಲೇನ್ರಿ?" ಇವರು ನನ್ನ ಕೈಯಿಂದ ಚೀಲ ಇಸಿದುಕೊಂಡು, "ನೀ ಮಾತು ಕೊಟ್ಟೀದಿ. ಸುಮ್ಮ ನಡಿ," ಎಂದರು. ಆದರೆ ಆ ವಾರವೆಲ್ಲ ಅವರು ಬ್ಲೇಜರಿಗೆ ಇಸ್ತ್ರಿ ಹಾಕುವುದನ್ನು, ಪದಕಗಳನ್ನು ತಿಕ್ಕುವುದನ್ನು, ಟೋಪಿಯನ್ನು ಕನ್ನಡಿಯ ಮುಂದೆ ಇಟ್ಟು ತೆಗೆಯುವುದನ್ನು ನಾನು ನೋಡುತ್ತಲೇ ಇದ್ದೆ.

ಪಂದ್ಯದ ದಿನ ಮೆಟ್ಟಿಲು ತುಂಬಿತ್ತು. ಸಂಘದ ಹಿರಿಯರು ಪೆವಿಲಿಯನ್ನಿನ ಗೇಟಿನಿಂದ ಒಬ್ಬೊಬ್ಬರಾಗಿ ಬಂದರು. ಕ್ಲಬ್ಬಿನ ಕೆಲಸದವರು ಅವರನ್ನು ಮೈದಾನದ ನಡುವೆ ಸಾಲಾಗಿ, ಪೆವಿಲಿಯನ್ನಿಗೆ ಮುಖ ಮಾಡಿ ನಿಲ್ಲಿಸಿದರು. ಅಂದರೆ ನಮಗೆ ಕಂಡದ್ದು ಅವರ ಬೆನ್ನೇ. ಹೆಚ್ಚಿನ ಹುದ್ದೆಯವರೆಂದು ಇವರು ಸಾಲನ್ನು ನಡೆಸುವವರಾಗಿ ಅದರ ತುದಿಗೆ ನಿಂತಿದ್ದರು. ಯಜಮಾನರು ಶಾಲುಗಳ ತಟ್ಟೆಯೊಂದಿಗೆ ಕೆಳಗಿಳಿದರು. ಆಟಗಾರರು ಗೆರೆಯ ಪಕ್ಕ ಕಾಯುತ್ತಿದ್ದರು. ಕೇರಳದ ಹುಡುಗ ಗ್ಲೋವ್ಸ್ ಸರಿ ಮಾಡಿಕೊಳ್ಳುತ್ತಿದ್ದ.

ಚಾಚಾ ತಿರುಗುವ ಗುರುತಿಗೆಂದು ಡೋಲಿಗೆ ಒಂದೇ ಪೆಟ್ಟು ಹಾಕಿದರು. ನಾವು ತಿರುಗಿದೆವು. ಒಂದೇ ಸದ್ದು, ಒಂದೂ ಮೊಣಕೈ ತಾಗಲಿಲ್ಲ.

ಈಗ ನನ್ನ ಕಣ್ಣ ಮುಂದೆ ಕಾಂಪೌಂಡು, ಅದರಾಚೆ ನಿಲ್ಲಿಸಿದ ಗಾಡಿಗಳು, ಒಂದು ಮಿರ್ಚಿ ಭಜಿಯ ಬಂಡಿ. ಹಿಂದಿನಿಂದ ಮೈಕಿನಲ್ಲಿ ಹೆಸರುಗಳು ಬರುತ್ತಿದ್ದವು. ಪ್ರತಿ ಹೆಸರಿಗೆ ಪೆವಿಲಿಯನ್ನಿನಿಂದ ನಾಲ್ಕಾರು ಕೈಗಳ ಚಪ್ಪಾಳೆ, ನಮ್ಮ ಕಡೆಯಿಂದ ಏನೂ ಇಲ್ಲ. ಕೊನೆಗೆ ಇವರ ಹೆಸರು ಬಂತು. ಈಗ ಶಾಲು ಹೊದಿಸುತ್ತಿರಬೇಕು, ಈಗ ಹಾರ ಹಾಕುತ್ತಿರಬೇಕು ಎಂದು ಭಜಿ ಬಂಡಿಯನ್ನು ನೋಡುತ್ತಾ ಲೆಕ್ಕ ಹಾಕಿದೆ. ಒಂದೇ ಒಂದು ಸಲ ತಿರುಗಿ ನೋಡಲೇ ಅನಿಸಿತು. ತಿರುಗಲಿಲ್ಲ. ಕಣ್ಣೀರು ಇಳಿಯಿತು, ಒರೆಸಿಕೊಳ್ಳಲೂ ಇಲ್ಲ, ಯಾಕೆಂದರೆ ಸಾವಧಾನ್ ಎಂದು ನೆಟ್ಟಗೆ ನಿಂತಾಗ ಕೈ ಎತ್ತಬಾರದೆಂದು ಕಲಿಸಿದವರು ಇವರೇ.

ಸನ್ಮಾನ ಮುಗಿಯಿತು, ಮಾನ್ಯರು ಈಗ ಹೊರಡಬಹುದು ಎಂದು ಮೈಕು ಹೇಳಿತು.

ಆಗ ಮೈಕಿಲ್ಲದೆಯೇ ಒಂದು ದನಿ ಮೈದಾನವನ್ನು ದಾಟಿ ಬಂತು.

"ಪೀಛೇ..."

ಒಂದು ಗಳಿಗೆ.

"ಮುಡ್."

ನಾವು ತಿರುಗಿಬಿಟ್ಟೆವು. ಯಾರೂ ಯೋಚನೆ ಮಾಡಲಿಲ್ಲ. ಬಲ ಹಿಮ್ಮಡಿ, ಎಡಗಾಲು, ಧಪ್. ಮೆಟ್ಟಿಲಿಗೆ ಮೆಟ್ಟಿಲೇ ಮೈದಾನದ ಕಡೆ ಮುಖ ಮಾಡಿ ನಿಂತಿತ್ತು. ಅಲ್ಲಿ ಹಿರಿಯರ ಸಾಲೂ ಅದೇ ಮಾತಿಗೆ ಹಿಂದಕ್ಕೆ ತಿರುಗಿ ನಮ್ಮ ಕಡೆ ಮುಖ ಮಾಡಿತ್ತು. ಹೆಗಲ ಮೇಲೆ ಶಾಲು, ಎದೆಯ ಮೇಲೆ ಪದಕ, ಟೋಪಿ ಒಂದಿಷ್ಟೂ ಓರೆಯಿಲ್ಲ. ಅವರ ಬೆನ್ನ ಹಿಂದೆ ಯಜಮಾನರು ಖಾಲಿ ತಟ್ಟೆ ಹಿಡಿದು ನಿಂತಿದ್ದರು.

ಮೊದಲು ಯಾರು ಚಪ್ಪಾಳೆ ಹೊಡೆದರೋ ಗೊತ್ತಿಲ್ಲ. ನಾನೇ ಇರಬೇಕು. ಆಮೇಲೆ ಚಾಚಾನ ಡೋಲು ಎದ್ದಿತು. ಗೆರೆಯ ಪಕ್ಕದ ಆಟಗಾರರೂ ಕೈ ತಟ್ಟತೊಡಗಿದರು. ಗ್ಲೋವ್ಸ್ ಹಾಕಿದ ಕೈಯಿಂದ ಸದ್ದು ಬರುವುದಿಲ್ಲ, ಆದರೂ ಆ ಕೇರಳದ ಹುಡುಗ ತಟ್ಟುತ್ತಲೇ ಇದ್ದ. ಇವರು ಅಲುಗಾಡದೆ ನಿಂತು ಅಷ್ಟನ್ನೂ ತೆಗೆದುಕೊಂಡರು. ಆಮೇಲೆ ಸಾಲನ್ನು ನಮ್ಮ ಮೆಟ್ಟಿಲುಗಳ ಬುಡದವರೆಗೆ ನಡೆಸಿ, ಗೋಲಿನ ಹಿಂದಿನಿಂದ ಸುತ್ತು ಹಾಕಿಸಿ ಗೇಟಿಗೆ ಕರೆದುಕೊಂಡು ಹೋದರು.

ಆಟಗಾರರ ಪಗಾರ ಆಮೇಲೆ ಸ್ವಲ್ಪ ಬಂತಂತೆ, ಪೂರ್ತಿ ಬರಲಿಲ್ಲವಂತೆ. ಅದು ನಮ್ಮಿಂದಲೇ ಬಂತು ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ತಂಗಿಯ ಮದುವೆಯಂತೂ ಮುಗಿದುಹೋಗಿತ್ತು.

ಸನ್ಮಾನಿತರಿಗೆ ಪೆವಿಲಿಯನ್ನಿನ ಮೇಲೆ ಬಿರಿಯಾನಿ ಇತ್ತು. ಇವರು ಮೇಲೆ ಹತ್ತಲಿಲ್ಲ. ಶಾಲು ಮಡಚಿ ಕಂಕುಳಲ್ಲಿಟ್ಟುಕೊಂಡು ನಮ್ಮ ಮೆಟ್ಟಿಲಿಗೆ ಬಂದು ಕೂತು ಆಟ ನೋಡಿದರು. ಸೋತೆವು. ಸಂಜೆ ಮನೆಗೆ ಬಂದು ನಾನು ಒಲೆ ಹಚ್ಚುತ್ತಾ ಕೇಳಿದೆ, "ಅಲ್ರಿ, ಬೇಕಂತ ಕೂಗಿದ್ರೇನು?"

"ಬೇಕಂತ ಏನು? ಸಾಲು ಗೇಟಿನ ಕಡೆ ಹೋಗಬೇಕಿತ್ತು. ಅದಕ್ಕ ಹೇಳಿದೆ," ಎಂದರು, ಬೂಟಿನ ಲೇಸು ಬಿಚ್ಚುತ್ತಾ.

ನಾನು ಹಿಟ್ಟು ನಾದತೊಡಗಿದೆ. ನಾದುತ್ತಾ ನಾದುತ್ತಾ ಕೈ ನಿಂತಿತು. ಆಟದ ಅಂಗಳಕ್ಕೆ ಇಳಿದು ಹೋಗಲು ಇರುವುದು ಒಂದೇ ಗೇಟು.

"ಗೇಟು ಪೆವಿಲಿಯನ್ ಬುಡಕ ಐತಿ. ನಿಮ್ಮ ಎದುರಿಗೇ ಇತ್ತಲ್ರಿ," ಎಂದೆ.

ಇವರು ಬೂಟುಗಳನ್ನು ಜೋಡಿಸಿ ಗೋಡೆಯ ಬದಿಗಿಟ್ಟರು. "ಹಸಿವ್ಯಾಗೇತಿ, ಲಗೂ ರೊಟ್ಟಿ ಬಡಿ," ಎಂದರು.