ಎತ್ತುಗಳ ಸೋಮವಾರ

ಕಳೆದ ಸೋಮವಾರ ಬೈಲಹೊಂಗಲದ ಗ್ಯಾರೇಜಿನಲ್ಲಿ ಪಂಕ್ಚರ್ ಸಲ್ಯೂಷನ್ನಿನ ಟ್ಯೂಬು ಬಿಚ್ಚಿದೆ. ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ತೊರಗಲ್ಲಿನ ನಮ್ಮ ಪಕ್ಕದ ಮನೆಯ ಕಾಕಾ ಕಣ್ಣ ಮುಂದೆ ಬಂದು ಕೂತ.

ಕಾಕಾನದು ಎತ್ತಿನ ಗೊರಸಿಗೆ ಕಬ್ಬಿಣದ ನಾಲ ಬಡಿಯುವ ಕೆಲಸ. ಎಂಥ ಹಾಯುವ ಎತ್ತಾದರೂ ಸರಿ, "ಹೋ... ಹೋ... ತಮ್ಮಾ" ಎಂದು ಬೆನ್ನು ಸವರಿದರೆ ಸುಮ್ಮನಾಗುತ್ತಿತ್ತು. ಅವನ ಅಂಗಳದ ಬೇವಿನ ಮರದ ಕೆಳಗೆ ಎತ್ತುಗಳ ಸಾಲೇ ಇರುತ್ತಿತ್ತು. ಅಂಥ ದಿನಗಳಲ್ಲೇ ಊರಿಗೆ ಟ್ರ್ಯಾಕ್ಟರುಗಳು ಒಂದೊಂದಾಗಿ ಬರತೊಡಗಿದವು. ಉಳಿದವರು ನೋಡಿ ಹಿಗ್ಗಿದರು. ಕಾಕಾ ಹಿಗ್ಗಲಿಲ್ಲ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಕಾಕಾನೂ ಅಂದು ನಾಲ ಮುಟ್ಟುತ್ತಿರಲಿಲ್ಲ. ಆ ದಿನವೇ ಸೈಕಲ್ ಹತ್ತಿ ಸುರೇಬಾನದ ಪಂಕ್ಚರ್ ಅಂಗಡಿಗೆ ಕಲಿಯಲು ಹೊರಟ. ಮೊದಲ ದಿನವೇ ಫಜೀತಿ! ಎತ್ತನ್ನು ಕೆಡವಿ ಕಾಲು ಕಟ್ಟಿ ರೂಢಿಯಾದ ಮನುಷ್ಯ, ಯಾರದೋ ಮೋಟರ್ ಸೈಕಲ್ಲನ್ನೂ ನೆಲಕ್ಕೆ ಮಲಗಿಸಿಬಿಟ್ಟ. ಪೆಟ್ರೋಲೆಲ್ಲ ಮಣ್ಣುಪಾಲು. ಸುದ್ದಿ ಕಾಕಾನಿಗಿಂತ ಮೊದಲು ಊರು ಮುಟ್ಟಿತ್ತು. ಕಟ್ಟೆಯ ಮೇಲಿನವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಮ್ಮಪ್ಪನೂ, "ಅಂಗಳ ತುಂಬ ಎತ್ತು ಅದಾವ, ನಿನಗ್ಯಾಕ ಬೇಕೋ ಮಾರಾಯಾ ಈ ಉಸಾಬರಿ?" ಎಂದ.

"ಎತ್ತು ಅದಾವಂತನ ಕಲಿಯಾಕ ಹತ್ತೇನಿ," ಎಂದ ಕಾಕಾ. "ಅವು ಹ್ವಾದ ಮ್ಯಾಲೆ ಕಲೀತೇನಿ ಅಂದ್ರ ಹೊಟ್ಟಿ ಸುಮ್ಮನ ಕುಂದರತೈತೇನು?"

ಮುಂದಿನ ಸೋಮವಾರವೂ ಹೋದ. ಅದರ ಮುಂದಿನ ವಾರವೂ... ಅಂಗಳ ಖಾಲಿಯಾಗುವ ಹೊತ್ತಿಗೆ ಅದೇ ಬೇವಿನ ಮರಕ್ಕೆ ಹಳೆಯ ಟೈರೊಂದು ತೂಗುತ್ತಿತ್ತು. ಕಟ್ಟೆಯವರೂ ಗಾಡಿ ತಳ್ಳಿಕೊಂಡು ಅಲ್ಲಿಗೇ ಬಂದರು.

ನಾನೀಗ ಕಿತ್ತೂರಿನ ಹತ್ತಿರ ಹೆದ್ದಾರಿಯ ಟೋಲಿನಲ್ಲಿ ಕೆಲಸ ಮಾಡುತ್ತೇನೆ. ಇನ್ನು ಮೇಲೆ ಗಾಡಿಗಳು ನಿಲ್ಲುವುದೇ ಇಲ್ಲವಂತೆ, ಕ್ಯಾಮೆರಾ ನೋಡಿಯೇ ಹಣ ಕಡಿತವಾಗುತ್ತದಂತೆ. ನಮ್ಮನ್ನು ಎಂದು ಮನೆಗೆ ಕಳಿಸುತ್ತಾರೆಂದು ಯಾರೂ ಬಾಯಿ ಬಿಡುತ್ತಿಲ್ಲ. ಮನೆ ನಡೆಯುವುದು ನನ್ನ ಪಗಾರದಿಂದ. ಹೆದರಿಕೆ ಇಲ್ಲವೆಂದರೆ ಸುಳ್ಳಾದೀತು. ಅದಕ್ಕೇ ವಾರದ ರಜೆಯನ್ನು ಸೋಮವಾರಕ್ಕೆ ಕೇಳಿ ಪಡೆದೆ. ಗ್ಯಾರೇಜಿಗೆ ಬಂದು ಬ್ಯಾಟರಿ ಸ್ಕೂಟರಿನ ರಿಪೇರಿ ಕಲಿಯುತ್ತಿದ್ದೇನೆ. "ಹೆಣ್ಣಮಗಳಿಗೆ ಯಾಕ ಬೇಕ ಇದು?" ಎನ್ನುವವರು ಇಲ್ಲಿಯೂ ಇದ್ದಾರೆ. ಅನ್ನಲಿ.

ಕಾಕಾ ತೀರಿಕೊಂಡು ಬಹಳ ವರ್ಷವಾಯಿತು. ಆ ಬೇವಿನ ಮರವೂ ಈಗಿಲ್ಲ. ಒಮ್ಮೆ ಬಂದು ನನ್ನ ಕೈಯ ಮಸಿ ನೋಡಬಾರದಿತ್ತೇ ಎನಿಸಿತು.

ಸ್ಕೂಟರನ್ನು ಸ್ಟ್ಯಾಂಡಿಗೇರಿಸುವಾಗ ನನಗೇ ಗೊತ್ತಿಲ್ಲದೆ ಅದರ ಸೀಟು ಸವರಿದೆ. "ಹೋ... ಹೋ... ತಮ್ಮಾ."

ಗ್ಯಾರೇಜಿನ ಮಾಲಕರು ತಲೆಯೆತ್ತಿದರು. "ಯಾರನ್ನ ಕರದ್ಯವಾ?"

"ನಮ್ಮ ಕಾಕಾನ್ನರಿ. ಅಂವಾ ಬರಂಗಿಲ್ಲ ಬಿಡ್ರಿ," ಎಂದು ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡೆ.